ಹಿಟ್ಟಿನ ಪೆಟ್ಟಿಗೆಗೆ ತಾಪ ನಿಯಂತ್ರಕ: ಕೊಳ್ಳಬೇಕೇ, ಕಟ್ಟಿಕೊಳ್ಳಬೇಕೇ?

ಪುನರ್ವಸು ಮಳೆ ಹಿಡಿದುಕೊಂಡಿತೆಂದರೆ ಮೇಗರವಳ್ಳಿ ಕಡೆಯ ನಮ್ಮ ಮನೆಯ ಅಡುಗೆಕೋಣೆ ಮಟಮಟ ಮಧ್ಯಾಹ್ನದಲ್ಲೂ 21 ಡಿಗ್ರಿ ದಾಟುವುದಿಲ್ಲ. ಸಂಜೆ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದಾಗ ಒಂದು ಗುಳ್ಳೆಯೂ ಇಲ್ಲದೆ ಇಟ್ಟ ಹಾಗೆಯೇ ಇರುತ್ತದೆ. ಅತ್ತೆಯವರ ಕಾಲದಲ್ಲಿ ಪಾತ್ರೆಯನ್ನು ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಕಂಬಳಿ ಹೊದಿಸುತ್ತಿದ್ದರು. ಮನೆ ಮಂದಿಗೆ ಬೇಕಾದಷ್ಟು ಹಿಟ್ಟಿಗೆ ಅದು ಸಾಕಾಗುತ್ತಿತ್ತು. ನಾನು ತೀರ್ಥಹಳ್ಳಿಯ ಎರಡು ಹೋಟೆಲುಗಳಿಗೆ ದಿನಕ್ಕೆ 12 ಲೀಟರ್ ಹಿಟ್ಟು ಕೊಡಲು ಒಪ್ಪಿಕೊಂಡ ಮೇಲೆ ಕಂಬಳಿಯನ್ನು ನಂಬಿ ಕೂರುವ ಹಾಗಿರಲಿಲ್ಲ. ಹೋಟೆಲಿನವರಿಗೆ ಬೆಳಿಗ್ಗೆ ಆರೂವರೆಗೆ ಕಾವಲಿ ಕಾಯುತ್ತದೆ. ಅಷ್ಟು ಹೊತ್ತಿಗೆ ಹಿಟ್ಟು ಉಬ್ಬಿರಲೇಬೇಕು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ಮದುವೆಗೆ ಮುಂಚೆ ನಾಲ್ಕು ವರ್ಷ ಪಂಪ್‌ಸೆಟ್ ಸ್ಟಾರ್ಟರ್‌ಗಳ ಪ್ಯಾನೆಲ್ ಜೋಡಿಸುವ ಕೆಲಸ ಮಾಡಿದ್ದೇನೆ. ಆದ್ದರಿಂದ ಗುಜರಿಯಿಂದ ಕಂಪ್ರೆಸರ್ ಕೆಟ್ಟ ಒಂದು ಬಾಗಿಲಿನ ಹಳೆಯ ಫ್ರಿಜ್ ತಂದು, ಅದರೊಳಗೆ ಶಾಖದ ವ್ಯವಸ್ಥೆ ಮಾಡಬೇಕೆಂಬುದು ಬೇಗ ಹೊಳೆಯಿತು. ಶಾಖವನ್ನು ಹಿಡಿತದಲ್ಲಿಡುವ ನಿಯಂತ್ರಕವನ್ನು ಸಿದ್ಧವಾಗಿ ಕೊಳ್ಳುವುದೋ, ನಾನೇ ಕಟ್ಟುವುದೋ ಎಂಬುದು ಮಾತ್ರ ಬೇಗ ಬಗೆಹರಿಯಲಿಲ್ಲ. ಈ ವಿಷಯದಲ್ಲಿ ನನಗೂ ನನ್ನ ತಮ್ಮನಿಗೂ ಒಂದು ಇಡೀ ಆಗಸ್ಟ್ ತಿಂಗಳು ವಾದ ನಡೆಯಿತು.

ತಮ್ಮ ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಮನೆ ಬಳಕೆಗೆ ಬಿಯರ್ ತಯಾರಿಸಲು 1963ರಿಂದ ಪರವಾನಗಿ ಬೇಕಿಲ್ಲ. ಅವನು ಗ್ಯಾರೇಜಿನಲ್ಲಿ ಹಳೆಯ ಫ್ರಿಜ್ ಇಟ್ಟುಕೊಂಡು 20 ಲೀಟರ್ ಬಿಯರ್ ಹುದುಗಿಸುತ್ತಾನೆ. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಈ ಬರಹದಲ್ಲಿ ಬಿಯರಿನ ಮಾತು ಬಂದಲ್ಲೆಲ್ಲ ಅದು ಅವನ ಗ್ಯಾರೇಜಿನ ಮಾತು ಎಂದು ತಿಳಿಯಬೇಕು. ಆದರೆ ಯಂತ್ರಕ್ಕೆ ಒಳಗಿರುವುದು ಬಿಯರೋ ದೋಸೆ ಹಿಟ್ಟೋ ಗೊತ್ತಾಗುವುದಿಲ್ಲ. ಎರಡರಲ್ಲೂ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು, ಎರಡಕ್ಕೂ ಬೇಕಾದದ್ದು ಏರುಪೇರಿಲ್ಲದ ಹದ. ಅವನ ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ, ಲಾಗರ್ ಎಂಬ ಬಗೆಯದಕ್ಕೆ 8ರಿಂದ 13. ನನ್ನ ದೋಸೆ ಹಿಟ್ಟಿಗೆ 28ರಿಂದ 30. ಮೊಸರಿಗಾದರೆ 40ರಿಂದ 43. ಯೀಸ್ಟು ಕೆಲಸ ಮಾಡುವಾಗ ತಾನೇ ಬಿಸಿಯಾಗುತ್ತದೆ, ಆದ್ದರಿಂದ ಅವನಿಗೆ ಬೇಸಿಗೆಯಲ್ಲಿ ತಂಪು ಮಾಡುವ ಚಿಂತೆ, ನನಗೆ ಮಳೆಗಾಲದಲ್ಲಿ ಬೆಚ್ಚಗಿಡುವ ಚಿಂತೆ. ವ್ಯತ್ಯಾಸ ಇಷ್ಟೇ.

"ಅಕ್ಕಾ, ನೀನೇಕೆ ತಂತಿ ಹಿಡಿದು ಕೂರುತ್ತೀಯ? ಸಿದ್ಧ ಪೆಟ್ಟಿಗೆ ಸಿಗುತ್ತದೆ. ಪ್ಲಗ್ ಸಿಕ್ಕಿಸಿ ಡಿಗ್ರಿ ಒತ್ತಿದರೆ ಮುಗಿಯಿತು" ಎಂದು ರಜೆಗೆ ಬರುವಾಗ ಅವನು ತನ್ನ ಬಳಿಯಿದ್ದ ಎರಡನೆಯ ಇಂಕ್‌ಬರ್ಡ್ ಐಟಿಸಿ-308 ಅನ್ನು ತಂದೇಬಿಟ್ಟ. ಒಳ್ಳೆಯ ವಸ್ತು. ಒಂದು ಪ್ಲಗ್, ಎರಡು ಸಾಕೆಟ್: ಒಂದು ಬಿಸಿಗೆ, ಒಂದು ತಂಪಿಗೆ. 220 ವೋಲ್ಟಿನಲ್ಲಿ 10 ಆಂಪಿಯರ್, ಅಂದರೆ 2,200 ವಾಟ್‌ವರೆಗೆ ತಾಳುತ್ತದೆ. ಈಗಿನ ಉಷ್ಣತೆಯೂ ಬೇಕಾದ ಉಷ್ಣತೆಯೂ ಒಟ್ಟಿಗೇ ಕಾಣುತ್ತವೆ. ಆದರೆ ಅದರ ಪ್ಲಗ್ ಇಂಗ್ಲೆಂಡಿನದು, ಮೂರು ಚಪ್ಪಟೆ ಕಡ್ಡಿಗಳದ್ದು. ನಮ್ಮ ಗೋಡೆಗೆ ಹೋಗುವುದಿಲ್ಲ. "ಅಡಾಪ್ಟರ್ ಹಾಕು" ಎಂದ. ನಾನು ಒಪ್ಪಲಿಲ್ಲ. ಪೇಟೆಯಲ್ಲಿ ಸಿಗುವ ಅಗ್ಗದ ಅಡಾಪ್ಟರುಗಳಲ್ಲಿ ಎಷ್ಟೋ ಬಾರಿ ಅರ್ಥ್ ಸಂಪರ್ಕವೇ ಇರುವುದಿಲ್ಲ. ಒದ್ದೆ ನೆಲ, ಒದ್ದೆ ಕೈ, ಲೋಹದ ಮೈಯ ಫ್ರಿಜ್. ಇಂಥ ಕಡೆ ಅರ್ಥ್ ಇಲ್ಲದೆ ಏನನ್ನೂ ನಡೆಸಬಾರದು ಎಂಬುದು ನನ್ನ ಗಟ್ಟಿ ಮಾತು.

ಅಲ್ಲಿಂದ ನಮ್ಮ ವಾದ ಬೆಳೆಯಿತು. ಕೊನೆಗೆ ನಾನು ಮುಟ್ಟಿದ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮೆದುಳನ್ನು ಕೊಳ್ಳಿ, ಮೈಯನ್ನು ಕಟ್ಟಿಕೊಳ್ಳಿ. ಉಷ್ಣತೆ ಅಳೆದು ರಿಲೇಯನ್ನು, ಅಂದರೆ ತಾನೇ ಹತ್ತಿ ಆರುವ ಸ್ವಿಚ್ಚನ್ನು, ಆಡಿಸುವ ಸಣ್ಣ ಘಟಕ ಅಗ್ಗಕ್ಕೆ ಸಿಗುತ್ತದೆ, ಅದನ್ನು ಮನೆಯಲ್ಲಿ ಹೊಸದಾಗಿ ಮಾಡುವುದರಲ್ಲಿ ಲಾಭವಿಲ್ಲ. ಅದರ ಸುತ್ತಲಿನ ಪೆಟ್ಟಿಗೆ, ತಂತಿ, ಸಾಕೆಟ್, ಅರ್ಥ್, ಕಾಪು ಇವೆಲ್ಲ ನಮ್ಮ ಮಳೆಗೂ ನಮ್ಮ ಕರೆಂಟಿಗೂ ನಮ್ಮ ಮನೆಯ ಹಲ್ಲಿ ಇರುವೆಗಳಿಗೂ ತಕ್ಕಂತೆ ಇರಬೇಕು. ಅವನ್ನು ನಾವೇ ಮಾಡಿಕೊಂಡರೆ ಕೆಟ್ಟಾಗ ನಾವೇ ಬಿಚ್ಚಬಹುದು. ಆಷಾಢದಲ್ಲಿ ರಾತ್ರಿ ಹನ್ನೊಂದಕ್ಕೆ ಕೆಟ್ಟ ಪೆಟ್ಟಿಗೆಯನ್ನು ಕೊರಿಯರ್ ಮಾಡಿ, ಬದಲಿ ಬರುವವರೆಗೆ ಹೋಟೆಲಿಗೆ ಹಿಟ್ಟು ನಿಲ್ಲಿಸಲು ಆಗುವುದಿಲ್ಲವಲ್ಲ.

ಯಾರು ಕೊಳ್ಳಬೇಕು

ಹಾಗೆಂದು ಎಲ್ಲರೂ ಕಟ್ಟಬೇಕಿಲ್ಲ. ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಟೆಸ್ಟರ್ ಮತ್ತು ಮಲ್ಟಿಮೀಟರ್ ಹಿಡಿದು ಗುರುತಿಸಲು ಬಾರದವರು, ಬರುವವರು ಮನೆಯಲ್ಲಿ ಇಲ್ಲದವರು ಸಿದ್ಧ ಪೆಟ್ಟಿಗೆಯನ್ನೇ ಕೊಳ್ಳಿ. 230 ವೋಲ್ಟು ಅಭ್ಯಾಸ ಮಾಡಿ ಕಲಿಯುವ ಜಾಗವಲ್ಲ. ಬಾಡಿಗೆ ಮನೆಯಲ್ಲಿದ್ದು ವೈರಿಂಗ್ ಸ್ಥಿತಿ ತಿಳಿಯದವರೂ ಕೊಳ್ಳಿ.

ಕೊಳ್ಳುವಾಗ ನೋಡಬೇಕಾದದ್ದು ಬೆಲೆಗಿಂತ ಮೊದಲು ಪ್ಲಗ್. ನಮ್ಮ 6 ಅಥವಾ 16 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಇಲ್ಲದೆ ಕೂರುವ ದುಂಡು ಕಡ್ಡಿಯ ಪ್ಲಗ್ ಇರಬೇಕು, ಅದರಲ್ಲಿ ಮೂರನೆಯ ದಪ್ಪ ಕಡ್ಡಿ ಇರಲೇಬೇಕು. ಎರಡನೆಯದು, ಬಿಸಿಗೂ ತಂಪಿಗೂ ಬೇರೆ ಬೇರೆ ಸಾಕೆಟ್ ಇದೆಯೇ ಎಂಬುದು. ಒಂದೇ ಸಾಕೆಟ್ಟಿನದ್ದು ನನ್ನಂಥವರಿಗೆ ಮಳೆಗಾಲಕ್ಕೆ ಸಾಕು, ಆದರೆ ಶಿವಮೊಗ್ಗ, ಭದ್ರಾವತಿಯ ಕಡೆ ಏಪ್ರಿಲ್‌ನಲ್ಲಿ ಅದೇ ಹಿಟ್ಟು ಐದು ಗಂಟೆಯೊಳಗೆ ಹುಳಿಯಾಗಿ ಹರಿಯುತ್ತದೆ. ಆಗ ತಂಪು ಮಾಡುವ ದಾರಿಯೂ ಬೇಕು. ಮೂರನೆಯದು, ಉಷ್ಣತೆ ಅಳೆಯುವ ಸೆನ್ಸರಿನ ತಂತಿಯನ್ನು ಕಳಚಿ ಬೇರೆಯದನ್ನು ಹಾಕಲು ಬರುತ್ತದೆಯೇ ನೋಡಿ. ಮೊದಲು ಹಾಳಾಗುವುದು ಸೆನ್ಸರೇ. ಪೆಟ್ಟಿಗೆಗೆ ಅಂಟಿಕೊಂಡ ಸೆನ್ಸರ್ ಹೋದರೆ ಪೆಟ್ಟಿಗೆಯೂ ಹೋಯಿತು ಎಂದೇ ಲೆಕ್ಕ.

ನನ್ನ ತಮ್ಮ ಮಾಲ್ಟನ್ನು (ಬಿಯರಿಗೆಂದು ಮೊಳೆಸಿ ಒಣಗಿಸಿದ ಬಾರ್ಲಿ) ಬಿಸಿ ನೀರಿನಲ್ಲಿ ನೆನೆಸಿಡುವಾಗ ಬಳಸುವ ದೊಡ್ಡ ಹಂಡೆಯದು ಬೇರೆಯೇ ಕಥೆ. ಅಲ್ಲಿ 63ರಿಂದ 70 ಡಿಗ್ರಿಯ ನಡುವೆ ಎರಡು ಡಿಗ್ರಿ ಆಚೀಚೆಯಾದರೂ ಪಿಷ್ಟ ಸಕ್ಕರೆಯಾಗುವ ರೀತಿ ಬದಲಾಗುತ್ತದೆ. 20 ಲೀಟರ್ ನೀರನ್ನು 25ರಿಂದ 67ಕ್ಕೆ ಏರಿಸಲು ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು, 2,000 ವಾಟಿನ ಕಾಯಿಲ್ ಇದ್ದರೆ ಅರ್ಧ ಗಂಟೆ. ಅಂಥ ಕಾಯಿಲ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು ಸಣ್ಣ ರಿಲೇ ಮೇಲೆ ದಿನವಿಡೀ ಆಡಿಸುವುದು ಸರಿಯಲ್ಲ. ಅದಕ್ಕೆ ಶಾಖವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ಕಡಿಮೆ ಮಾಡುವ ಪಿಐಡಿ ನಿಯಂತ್ರಕ, ಅಲುಗುವ ಭಾಗಗಳಿಲ್ಲದ ಸಾಲಿಡ್ ಸ್ಟೇಟ್ ರಿಲೇ, ಅದರ ಬೆನ್ನಿಗೆ ಬಿಸಿ ಹೀರಿಕೊಳ್ಳುವ ಅಲ್ಯೂಮಿನಿಯಂ ಹೀಟ್ ಸಿಂಕ್ ಎಲ್ಲ ಬೇಕಾಗುತ್ತದೆ. ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಕೆಡುತ್ತದೆ. ಆದ್ದರಿಂದ ಕೈಯಿಂದ ಆರಿಸುವ ಬೇರೆ ಸ್ವಿಚ್ಚೂ ಇರಬೇಕು. ತಮ್ಮ ಅದನ್ನು ಸಿದ್ಧವಾಗಿಯೇ ಕೊಂಡಿದ್ದಾನೆ. ಸರಿಯಾದ ಕೆಲಸ ಎಂದು ನಾನೇ ಹೇಳಿದೆ.

ಮೆದುಳಿನ ಆಯ್ಕೆ

ಕಟ್ಟುವವರಿಗೆ ಮೂರು ದಾರಿಗಳಿವೆ. ಮೊದಲನೆಯದು ಡಬ್ಲ್ಯು1209 ಎಂಬ ಸಣ್ಣ ಬರಿಯ ಬೋರ್ಡು. 12 ವೋಲ್ಟ್ ಡಿಸಿಯಲ್ಲಿ ನಡೆಯುತ್ತದೆ, ಒಂದೇ ರಿಲೇ ಇದೆ. ನಾನು ಮೊದಲು ತಂದದ್ದು ಇದನ್ನೇ, ಇನ್ನೂರು ರೂಪಾಯಿಯೊಳಗೆ ಸಿಕ್ಕಿತು. ಆದರೆ ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಬೋರ್ಡಿನ ಅಡಿಯಲ್ಲಿ 230 ವೋಲ್ಟು ಹರಿಯುವ ಬೆಸುಗೆಗಳು ಬೆತ್ತಲೆಯಾಗಿರುತ್ತವೆ. ನಮ್ಮ ಮಳೆಗಾಲದ ತೇವದಲ್ಲಿ ಒಂದೇ ವರ್ಷಕ್ಕೆ ಅದರ ಮೇಲೆ ಹಸಿರು ಕಿಲುಬು ಹತ್ತಿತು. ಮೊಸರಿನ ಸಣ್ಣ ಡಬ್ಬಿಗೆ, ಅದೂ 12 ವೋಲ್ಟಿನ ಹೀಟಿಂಗ್ ಪ್ಯಾಡ್ ಜೊತೆಗಾದರೆ ಒಳ್ಳೆಯದು. ಮೇನ್ಸ್ ಕರೆಂಟನ್ನು ಅದರ ಮೂಲಕ ಹಾಯಿಸಬೇಡಿ.

ಎರಡನೆಯದು ಇಎಸ್‌ಪಿ8266 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಡಿಎಸ್18ಬಿ20 ಸೆನ್ಸರ್ ಜೋಡಿಸಿ, ಪ್ರೋಗ್ರಾಮ್ ಬರೆದು, ಮೊಬೈಲಿನಲ್ಲಿ ಗೆರೆಚಿತ್ರ ನೋಡುವ ದಾರಿ. ಆ ಸೆನ್ಸರ್ ಅರ್ಧ ಡಿಗ್ರಿಯೊಳಗೆ ನಿಖರ, 4.7 ಕಿಲೋಓಮ್ ರೆಸಿಸ್ಟರ್ ಒಂದು ಇದ್ದರೆ ಒಂದೇ ತಂತಿಯ ಮೇಲೆ ಹಲವು ಸೆನ್ಸರುಗಳನ್ನು ಓದಬಹುದು. ತಮ್ಮನ ಮನಸ್ಸು ಇದರ ಮೇಲೆಯೇ. ಕಲಿಯುವ ಆಸೆ ಇರುವವರು ಖಂಡಿತ ಮಾಡಿ. ಆದರೆ ದಿನದ ಸಂಪಾದನೆ ಇದರ ಮೇಲೆ ನಿಂತಿದ್ದರೆ, ವೋಲ್ಟೇಜ್ ಕುಸಿದಾಗಲೆಲ್ಲ ಬೋರ್ಡು ಮತ್ತೆ ಮೊದಲಿನಿಂದ ಎದ್ದೇಳುವುದನ್ನು ನೋಡುತ್ತ ಕೂರಲಾಗುವುದಿಲ್ಲ.

ಮೂರನೆಯದು, ನಾನು ಆರಿಸಿಕೊಂಡದ್ದು: ಎಸ್‌ಟಿಸಿ-1000. ಊರೂರಿನ ಫ್ರಿಜ್ ರಿಪೇರಿಯವರಿಗೂ, ಮರಿ ಮಾಡುವ ಇನ್‌ಕ್ಯುಬೇಟರ್ ಕಟ್ಟುವವರಿಗೂ, ಹೊರದೇಶದ ಮನೆ ಬಿಯರಿನವರಿಗೂ ಚೆನ್ನಾಗಿ ಗೊತ್ತಿರುವ ಕಪ್ಪು ಘಟಕ. ನೇರವಾಗಿ 220 ವೋಲ್ಟಿನಲ್ಲಿ ನಡೆಯುತ್ತದೆ, ಎರಡು ರಿಲೇ ಇವೆ, ಪ್ರತಿಯೊಂದಕ್ಕೂ 10 ಆಂಪಿಯರ್ ಎಂದು ಬರೆದಿರುತ್ತದೆ. ಆ ಅಂಕಿಯನ್ನು ಪೂರ್ತಿ ನಂಬದೆ ಅರ್ಧದಷ್ಟೇ ಭಾರ ಹೊರಿಸುವುದು ನನ್ನ ರೂಢಿ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ನಡೆಯುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ ಎಂಬುದು ಪಂಪ್‌ಸೆಟ್ ಕಂಡವರಿಗೆಲ್ಲ ಗೊತ್ತು. ಒಂದೇ ಹೆಸರಿನಲ್ಲಿ ಹಲವರು ಇದನ್ನು ಮಾಡುತ್ತಾರೆ, ಹಾಗಾಗಿ 220 ವೋಲ್ಟಿನದ್ದೇ ಎಂದು ಮೇಲಿನ ಚೀಟಿ ಓದಿ ಖಾತ್ರಿ ಮಾಡಿಕೊಳ್ಳಿ. ನನಗೆ ಆರುನೂರು ಚಿಲ್ಲರೆ ಬಿತ್ತು. ಪೆಟ್ಟಿಗೆ, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು), ಸಾಕೆಟ್, ತಂತಿ ಎಲ್ಲ ಸೇರಿ ಸಾವಿರದ ಆರುನೂರರ ಒಳಗೆ ಮುಗಿಯಿತು.

ಮೈ ಕಟ್ಟುವುದು

ಪೇಟೆಗೆ ಹೋಗುವಾಗ ಚೀಟಿ ಬರೆದುಕೊಂಡು ಹೋಗಿ: ಮುಚ್ಚಳಕ್ಕೆ ರಬ್ಬರ್ ಅಂಚು ಇರುವ ಪಿವಿಸಿ ಪೆಟ್ಟಿಗೆ, 6 ಆಂಪಿಯರಿನ ಒಂದು ಎಂಸಿಬಿ, ಮೂರು ಕಡ್ಡಿಯ ಎರಡು ಸಾಕೆಟ್, ಮೂರು ಎಳೆಯ ತಾಮ್ರದ ಕೇಬಲ್ ಎರಡು ಮೀಟರ್, ಗಟ್ಟಿ ಪ್ಲಗ್ ಒಂದು, ಕೆಂಪು, ಕಪ್ಪು, ಹಸಿರು ಬಣ್ಣದ 1.5 ಚದರ ಮಿಲಿಮೀಟರಿನ ಬಿಡಿ ತಂತಿ, ಕೇಬಲ್ ಒಳಹೋಗುವ ತೂತಿಗೆ ಹಾಕುವ ಗ್ಲ್ಯಾಂಡ್, ತಂತಿಯ ತುದಿಗೆ ಒತ್ತುವ ಲಗ್ಗುಗಳು. ನಾನು ಇವನ್ನೆಲ್ಲ ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತ ಒಂದೇ ಮಧ್ಯಾಹ್ನದಲ್ಲಿ ಹೊಂದಿಸಿದೆ.

ಪೆಟ್ಟಿಗೆಯ ಮುಖದಲ್ಲಿ ಘಟಕ ಕೂರಲು 71 ಮಿಲಿಮೀಟರ್ ಉದ್ದ, 29 ಮಿಲಿಮೀಟರ್ ಎತ್ತರದ ಕಿಂಡಿ ಬೇಕು. ಗೆರೆ ಎಳೆದು, ನಾಲ್ಕು ಮೂಲೆಗೆ ತೂತು ಕೊರೆದು, ಹ್ಯಾಕ್ಸಾ ಬ್ಲೇಡಿನಿಂದ ಗೆರೆಯ ಒಳಗೇ ಕೊಯ್ದು, ಆಮೇಲೆ ಅರದಿಂದ ಉಜ್ಜುತ್ತ ಅಳತೆಗೆ ತನ್ನಿ. ಹೆಚ್ಚು ಕೊಯ್ದರೆ ಘಟಕ ಅಲುಗಾಡುತ್ತದೆ, ಸಂದಿಯಿಂದ ಇರುವೆ ನುಗ್ಗುತ್ತದೆ.

ಈಗ ತಂತಿ. ಹೊಸಬರು ಎಡವುವುದು ಇಲ್ಲಿಯೇ. ಎಸ್‌ಟಿಸಿ-1000ರ ಬೆನ್ನಿನಲ್ಲಿ ಎಂಟು ತಿರುಪುಗಳು. 1 ಮತ್ತು 2 ಘಟಕಕ್ಕೆ ಬೇಕಾದ ಕರೆಂಟು. 3 ಮತ್ತು 4 ಸೆನ್ಸರ್. 5 ಮತ್ತು 6 ಬಿಸಿಯ ರಿಲೇ. 7 ಮತ್ತು 8 ತಂಪಿನ ರಿಲೇ. ನಿಮ್ಮ ಘಟಕದ ಮೇಲಿನ ಚೀಟಿ ಬೇರೆ ಹೇಳಿದರೆ ಚೀಟಿಯೇ ಪ್ರಮಾಣ. 5-6ರಿಂದ ತಾನಾಗಿ ಕರೆಂಟು ಹೊರಬರುತ್ತದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ಬರುವುದಿಲ್ಲ. ಅದು ಗೋಡೆಯ ಸ್ವಿಚ್ಚಿನ ಹಾಗೆ ಬರಿಯ ಬಾಗಿಲು, ಒಂದು ಕಡೆಯಿಂದ ನಾವು ಫೇಸ್ ಕೊಟ್ಟರೆ ಇನ್ನೊಂದು ಕಡೆಯಿಂದ ಬಿಡುತ್ತದೆ.

ಆದ್ದರಿಂದ ಪ್ಲಗ್ಗಿನಿಂದ ಬಂದ ಫೇಸ್ ಮೊದಲು ಎಂಸಿಬಿಗೆ ಹೋಗಲಿ. ಎಂಸಿಬಿಯಿಂದ ಹೊರಟ ಕೆಂಪು ತಂತಿ 1ಕ್ಕೆ, ಅಲ್ಲಿಂದ ಒಂದು ತುಂಡು 5ಕ್ಕೆ, ಇನ್ನೊಂದು ತುಂಡು 7ಕ್ಕೆ. 6ರಿಂದ ಹೊರಟ ಕೆಂಪು ತಂತಿ ಬಿಸಿಯ ಸಾಕೆಟ್ಟಿಗೆ, 8ರಿಂದ ಹೊರಟದ್ದು ತಂಪಿನ ಸಾಕೆಟ್ಟಿಗೆ. ಕಪ್ಪು ನ್ಯೂಟ್ರಲ್ 2ಕ್ಕೂ ಎರಡೂ ಸಾಕೆಟ್ಟಿಗೂ ನೇರವಾಗಿ, ನಡುವೆ ಯಾವ ಸ್ವಿಚ್ಚೂ ಬೇಡ. ಹಸಿರು ಅರ್ಥ್ ಎರಡೂ ಸಾಕೆಟ್ಟಿಗೆ, ಫ್ರಿಜ್ಜಿನ ಲೋಹದ ಮೈಗೆ, ಪೆಟ್ಟಿಗೆಯೂ ತಗಡಿನದಾದರೆ ಅದಕ್ಕೂ. ಒಂದೊಂದು ತಂತಿಯನ್ನೂ ತಿರುಪು ಬಿಗಿದ ಮೇಲೆ ಜಗ್ಗಿ ನೋಡಿ. ಹಲವು ಎಳೆಯ ತಂತಿಯ ತುದಿಗೆ ಲಗ್ ಒತ್ತದೆ ಹಾಗೇ ತುರುಕಬೇಡಿ, ಒಂದು ಎಳೆ ಆಚೆ ಉಳಿದು ಪಕ್ಕದ ತಿರುಪನ್ನು ಮುಟ್ಟಿದರೆ ಅಷ್ಟೇ ಸಾಕು. ಮುಗಿದ ಮೇಲೆ ಪ್ಲಗ್ ಹಾಕುವ ಮುಂಚೆ ಮಲ್ಟಿಮೀಟರಿನಲ್ಲಿ ಫೇಸಿಗೂ ಅರ್ಥಿಗೂ, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಸಂಪರ್ಕ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇಡೀ ಪೆಟ್ಟಿಗೆ ಸಿಕ್ಕಿಸುವ ಸಾಲಿಗೆ, ಕರೆಂಟು ನೆಲಕ್ಕೋ ಮೈಗೋ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ನೀರು, ಹಿಟ್ಟು, ಕರೆಂಟು ಮೂರೂ ಒಂದೇ ಕೋಣೆಯಲ್ಲಿರುವಾಗ ಇದರಲ್ಲಿ ಕೈ ಬಿಗಿ ಮಾಡಬೇಡಿ.

ಕೇಬಲ್ಲುಗಳೆಲ್ಲ ಪೆಟ್ಟಿಗೆಯ ಕೆಳಗಿನಿಂದಲೇ ಒಳಗೆ ಹೋಗಬೇಕು. ಮೇಲಿನಿಂದ ಹೋದರೆ ತೇವ ತಂತಿಯ ಗುಂಟ ಇಳಿದು ಒಳಗೇ ಸೇರುತ್ತದೆ. ಉಳಿದ ತೂತುಗಳನ್ನೆಲ್ಲ ಎಂ-ಸೀಲ್ ಹಾಕಿ ಮುಚ್ಚಿ. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಬೆಚ್ಚಗೆಂದು ಸೇರಿದ ಹಲ್ಲಿ ಎರಡು ಫೇಸುಗಳ ನಡುವೆ ಅಡ್ಡ ಬಿದ್ದು ಸುಟ್ಟುಹೋದದ್ದನ್ನು ನಾನು ಕೆಲಸದಲ್ಲಿದ್ದಾಗ ಎಷ್ಟು ಸಲ ಕಂಡಿದ್ದೇನೋ. ಮಲೆನಾಡಿನಲ್ಲಿ ಬೆಚ್ಚಗಿನ ಒಣ ಜಾಗ ಯಾವುದಿದ್ದರೂ ಅದಕ್ಕೆ ಇನ್ನೊಂದು ಜೀವ ಕಾಯುತ್ತಿರುತ್ತದೆ.

ಶಾಖಕ್ಕೆ ಏನು

ಹಿಂದೆ 60 ವಾಟಿನ ಬುರುಡೆ ದೀಪವೊಂದೇ ಸಾಕಾಗುತ್ತಿತ್ತು. ಈಗ ಅಂಗಡಿಯಲ್ಲಿ ಅದು ಸಿಗುವುದು ಕಷ್ಟ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು, ಅದರಲ್ಲಿ ಶಾಖವೇ ಸಾಲದು. ನಾನು ಬಳಸುವುದು ಕೋಳಿ ಮರಿ ಸಾಕುವವರು ಕೊಳ್ಳುವ, ಬೆಳಕಿಲ್ಲದ 60 ವಾಟಿನ ಸೆರಾಮಿಕ್ ಹೀಟರ್. ಅದನ್ನು ಪಿಂಗಾಣಿ ಹೋಲ್ಡರಿನಲ್ಲೇ ಕೂರಿಸಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಬೆಳಕಿಲ್ಲದ್ದು ತಮ್ಮನಿಗೂ ಒಳ್ಳೆಯದು, ಹಾಪ್ಸ್ ಎಂಬ ಕಹಿ ಹೂ ಹಾಕಿದ ಬಿಯರಿಗೆ ಬೆಳಕು ಬಿದ್ದರೆ ವಾಸನೆ ಕೆಡುತ್ತದಂತೆ.

60 ವಾಟ್ ಸಾಕೇ ಎಂದು ಎಲ್ಲರೂ ಕೇಳುತ್ತಾರೆ. 12 ಲೀಟರನ್ನು ನೀರೆಂದೇ ಹಿಡಿದರೆ ಒಂದು ಡಿಗ್ರಿ ಏರಲು ಸುಮಾರು 50 ಕಿಲೋಜೂಲ್, ಅಂದರೆ 60 ವಾಟಿನಲ್ಲಿ ಹದಿನಾಲ್ಕು ನಿಮಿಷ. 21ರಿಂದ 29ಕ್ಕೆ ಏರಲು ಲೆಕ್ಕದಲ್ಲಿ ಎರಡು ಗಂಟೆಗೆ ಹತ್ತಿರ. ನನ್ನ ಪೆಟ್ಟಿಗೆಯಲ್ಲಿ ನಿಜವಾಗಿ ನಾಲ್ಕು ಗಂಟೆ ಹಿಡಿಯುತ್ತದೆ, ಏಕೆಂದರೆ ಗಾಳಿ, ಪಾತ್ರೆ, ಫ್ರಿಜ್ಜಿನ ಗೋಡೆ ಎಲ್ಲವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ನಾಲ್ಕು ಗಂಟೆ ನನಗೆ ಸಾಕು. ಹೆಚ್ಚು ವಾಟಿನದ್ದು ಹಾಕಿದರೆ ಪಾತ್ರೆಯ ಒಂದು ಮಗ್ಗುಲು ಬಿಸಿಯಾಗಿ ಹುಳಿಯುತ್ತದೆ, ನಡುವಿನ ಹಿಟ್ಟು ತಣ್ಣಗೇ ಇರುತ್ತದೆ. ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಒಳಗೆ ನಿಧಾನವಾಗಿ ಓಡಿಸಿದರೆ ಶಾಖ ಸಮನಾಗಿ ಹರಡುತ್ತದೆ.

ಸೆನ್ಸರ್ ಇಡುವ ಜಾಗ

ಕೊಂಡದ್ದೋ ಕಟ್ಟಿದ್ದೋ ಎಂಬುದಕ್ಕಿಂತ ಇದೇ ದೊಡ್ಡ ವಿಷಯ. ಇದನ್ನು ನಾನು 12 ಲೀಟರ್ ಹಿಟ್ಟು ಚೆಲ್ಲಿ ಕಲಿತೆ.

ಮೊದಲ ವಾರ ಸೆನ್ಸರನ್ನು ಗಾಳಿಯಲ್ಲಿ ತೂಗುಬಿಟ್ಟಿದ್ದೆ. ಹೀಟರ್ ಹತ್ತಿದ ಐದು ನಿಮಿಷಕ್ಕೆ ಗಾಳಿ 29 ಮುಟ್ಟಿ ಆರುತ್ತಿತ್ತು, ಹಿಟ್ಟು ಮಾತ್ರ 23ರಲ್ಲೇ ಇರುತ್ತಿತ್ತು. ಹಾಗಾಗಿ ಎರಡನೆಯ ವಾರ ಸೆನ್ಸರನ್ನು ಪಾತ್ರೆಯ ಹೊರಮೈಗೆ ಸೆಲ್ಲೋ ಟೇಪಿನಲ್ಲಿ ಅಂಟಿಸಿದೆ. ಉಪಾಯ ಸರಿಯಾಗಿತ್ತು, ಟೇಪು ಸರಿಯಾಗಿರಲಿಲ್ಲ. ತೇವಕ್ಕೆ ಅಂಟು ಬಿಟ್ಟು ರಾತ್ರಿ ಯಾವಾಗಲೋ ಸೆನ್ಸರ್ ಕಳಚಿ ಫ್ರಿಜ್ಜಿನ ಬಾಗಿಲ ಸಂದಿಯ ಹತ್ತಿರ ಬಿದ್ದಿತು. ಅಲ್ಲಿ 22 ಡಿಗ್ರಿ. ಇನ್ನೂ ತಣ್ಣಗಿದೆ ಎಂದು ಘಟಕ ಹೀಟರನ್ನು ಬೆಳಗಿನವರೆಗೂ ಉರಿಸಿತು. ಐದು ಗಂಟೆಗೆ ಬಾಗಿಲು ತೆಗೆದಾಗ ಬಂದ ಹುಳಿ ವಾಸನೆಗೆ ಕಣ್ಣಲ್ಲಿ ನೀರು ಬಂತು. ಹಿಟ್ಟು ಪಾತ್ರೆಯಿಂದ ಉಕ್ಕಿ ತಟ್ಟೆಗಳ ಮೇಲೆಲ್ಲ ಹರಿದಿತ್ತು, ಹೀಟರಿನ ಕಡೆಯ ಅಂಚಿನಲ್ಲಿ ಅರ್ಧ ಬೆರಳು ದಪ್ಪಕ್ಕೆ ಒಣಗಿ ಹಳದಿ ಪದರ ಕಟ್ಟಿತ್ತು. ಹೋಟೆಲಿನವರಿಗೆ ಫೋನ್ ಮಾಡಿ ಇವತ್ತು ದೋಸೆ ಇಲ್ಲ ಎಂದು ಹೇಳುವುದು ಅದಕ್ಕಿಂತ ಕಷ್ಟವಾಯಿತು.

ಈಗ ಹೀಗೆ ಮಾಡುತ್ತೇನೆ. ಪಾತ್ರೆಯ ಹೊರಮೈಯಲ್ಲಿ, ಹಿಟ್ಟಿನ ಅರ್ಧ ಎತ್ತರಕ್ಕೆ, ಹೀಟರಿನ ಎದುರು ಬದಿಗೆ ಸೆನ್ಸರಿನ ಲೋಹದ ತುದಿಯನ್ನು ಅಡ್ಡಲಾಗಿ ಒತ್ತಿ ಇಡುತ್ತೇನೆ. ಅದರ ಮೇಲೆ ಅಂಗೈ ಅಗಲದ, ಎರಡು ಬೆರಳು ದಪ್ಪದ ಫೋಮ್ ತುಂಡು. ಇಡೀ ಪಾತ್ರೆಯ ಸುತ್ತ ಹಳೆಯ ಸೈಕಲ್ ಟ್ಯೂಬಿನ ಅಗಲ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಫೋಮೂ ಸೆನ್ಸರೂ ಅಲುಗುವುದಿಲ್ಲ. ಫೋಮ್ ಇರುವುದರಿಂದ ಅದು ಓದುವುದು ಹೊರಗಿನ ಗಾಳಿಯನ್ನಲ್ಲ, ಪಾತ್ರೆಯ ಮೈಯನ್ನು. ಪಾತ್ರೆ ಸ್ಟೀಲಿನದಾದ್ದರಿಂದ ಒಳಗಿನ ಹಿಟ್ಟಿಗೂ ಅದಕ್ಕೂ ವ್ಯತ್ಯಾಸ ಒಂದು ಡಿಗ್ರಿ ಮೀರುವುದಿಲ್ಲ. ತಮ್ಮನೂ ಗ್ಯಾರೇಜಿನಲ್ಲಿ ಮಾಡುವುದು ಇದನ್ನೇ.

ಇದರ ಜೊತೆಗೆ ಹೀಟರಿನ ಫೇಸ್ ತಂತಿಯ ನಡುವೆ ಕೆಎಸ್‌ಡಿ301 ಎಂಬ ನಾಣ್ಯದಷ್ಟು ದೊಡ್ಡ ಥರ್ಮೋಸ್ಟಾಟನ್ನು ಸೇರಿಸಿದ್ದೇನೆ. ಸಾಮಾನ್ಯವಾಗಿ ಮುಚ್ಚಿರುವ ಬಗೆಯದು, 50 ಡಿಗ್ರಿಗೆ ತಾನೇ ತೆರೆದುಕೊಂಡು ಹೀಟರನ್ನು ಆರಿಸುತ್ತದೆ. ಅದನ್ನು ಹೀಟರಿನ ಮಗ್ಗುಲಲ್ಲಿಡದೆ ಫ್ರಿಜ್ಜಿನ ಒಳಚಾವಣಿಗೆ ಕೂರಿಸಿ, ಅದರ ತಂತಿ ಸಿಕ್ಕಿಸುವ ಕಡ್ಡಿಗಳಿಗೆ ಕರೆಂಟು ತಗುಲದಂಥ ಕೊಳವೆ ಕವಚ ಹಾಕಿ. ಸೆನ್ಸರ್ ಬಿದ್ದರೂ, ರಿಲೇಯ ಸಂಪರ್ಕಗಳು ಅಂಟಿಕೊಂಡು ಆರದೆ ಹೋದರೂ ಇದು ಕಾಯುತ್ತದೆ. ಸಿದ್ಧ ಪೆಟ್ಟಿಗೆ ಕೊಂಡವರೂ ಇದನ್ನು ಬಲ್ಲವರಿಂದ ಹೀಟರಿನ ತಂತಿಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ಅಂಕಿಗಳು

ಎಸ್‌ಟಿಸಿ-1000ರ ಮುಖದಲ್ಲಿರುವ ಎಸ್ ಎಂಬ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಎಫ್1 ಕಾಣುತ್ತದೆ. ಬಾಣದ ಗುಂಡಿಗಳಿಂದ ಎಫ್1ರಿಂದ ಎಫ್4ರವರೆಗೆ ಹೋಗಬಹುದು, ಎಸ್ ಒತ್ತಿಕೊಂಡೇ ಬಾಣ ಒತ್ತಿದರೆ ಅಂಕಿ ಬದಲಾಗುತ್ತದೆ. ಬದಲಾಯಿಸಿದ ಮೇಲೆ ಪವರ್ ಗುಂಡಿಯನ್ನು ಒಮ್ಮೆ ಮುಟ್ಟಿ ಉಳಿಸಬೇಕು, ಮರೆತರೆ ಹಳೆಯ ಅಂಕಿಯೇ ಉಳಿಯುತ್ತದೆ. ಎಫ್1 ಬೇಕಾದ ಉಷ್ಣತೆ, ನನ್ನದು 29. ಎಫ್2 ಎಷ್ಟು ಆಚೀಚೆಯಾದರೆ ಎಚ್ಚರಗೊಳ್ಳಬೇಕು ಎಂಬುದು, ನಾನು 1.0 ಇಡುತ್ತೇನೆ: 28ಕ್ಕೆ ಇಳಿದರೆ ಹೀಟರ್ ಹತ್ತುತ್ತದೆ, 29ಕ್ಕೆ ಆರುತ್ತದೆ. ಕೆಲಸ ಮಾಡುವ ಫ್ರಿಜ್ಜನ್ನು ತಂಪಿನ ಸಾಕೆಟ್ಟಿಗೆ ಹಾಕಿದ್ದರೆ 30ಕ್ಕೆ ಅದು ಶುರುವಾಗುತ್ತದೆ. ಎಫ್2 ತೀರ ಕಡಿಮೆ ಇಟ್ಟರೆ ಬಿಸಿಯೂ ತಂಪೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತ ಕರೆಂಟು ತಿನ್ನುತ್ತವೆ. ಮಳೆಗಾಲದಲ್ಲಿ ತಂಪಿನ ಪ್ಲಗ್ಗನ್ನು ಕಿತ್ತೇ ಇಡಿ. ಎಫ್3 ಕಂಪ್ರೆಸರ್ ನಿಂತ ಮೇಲೆ ಮತ್ತೆ ಶುರುವಾಗುವ ಮುನ್ನ ಕಾಯಬೇಕಾದ ನಿಮಿಷಗಳು. ಅದು 3 ಇರುತ್ತದೆ, ಕರೆಂಟು ಪದೇ ಪದೇ ಹೋಗಿ ಬರುವ ಊರಿನಲ್ಲಿ 5 ಮಾಡಿ. ಕರೆಂಟು ಹೋಗಿ ಬಂದರೂ ನೀವು ಇಟ್ಟ ಅಂಕಿಗಳು ಅಳಿಯುವುದಿಲ್ಲ.

ಎಫ್4 ಸೆನ್ಸರಿನ ತಪ್ಪನ್ನು ತಿದ್ದಲು. ಈ ಘಟಕದ ನಿಖರತೆ ಒಂದು ಡಿಗ್ರಿ ಆಚೀಚೆ. ಪುಡಿ ಮಾಡಿದ ಮಂಜುಗಡ್ಡೆಗೆ ಅದು ತೋಯುವಷ್ಟೇ ನೀರು ಹಾಕಿ ಕಲಕಿ ಸೆನ್ಸರ್ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು 100ನ್ನು ನಿರೀಕ್ಷಿಸಬೇಡಿ. ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದ ನಮ್ಮ ಕಡೆ ನೀರು 98ಕ್ಕೇ ಕುದಿಯುತ್ತದೆ. ನನಗೆ ಇವೆರಡಕ್ಕಿಂತ ಹೆಚ್ಚು ನಂಬಿಕೆಯ ಕ್ರಮ ಇನ್ನೊಂದು: ಲೋಟದಲ್ಲಿ ಕೈಗೆ ಹಿತವಾದ ಬಿಸಿನೀರಿಟ್ಟು, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಸೆನ್ಸರನ್ನೂ ಒಟ್ಟಿಗೆ ಅದ್ದಿ ಹೋಲಿಸುವುದು. ನಮಗೆ ಬೇಕಾದ ಉಷ್ಣತೆಗೆ ಅದೇ ಹತ್ತಿರ. ಸೆನ್ಸರ್ ಸತ್ತಿದೆಯೇ ಎಂಬ ಅನುಮಾನ ಬಂದರೆ ಅದನ್ನು ಕಳಚಿ ಮಲ್ಟಿಮೀಟರಿಗೆ ಹಿಡಿಯಿರಿ. 25 ಡಿಗ್ರಿಯಲ್ಲಿ ಸುಮಾರು 10 ಕಿಲೋಓಮ್ ಇರಬೇಕು, ಮುಷ್ಟಿಯಲ್ಲಿ ಹಿಡಿದರೆ ಇಳಿಯಬೇಕು, ಮಂಜಿಗೆ ಹಾಕಿದರೆ ಏರಬೇಕು.

ಲೈನಿನ ತುದಿಯ ಮನೆಗಳಲ್ಲಿ ರಾತ್ರಿ ವೋಲ್ಟೇಜ್ ಇಳಿದಾಗ ರಿಲೇ ಕಟಕಟ ಸದ್ದು ಮಾಡುತ್ತದೆ. ಹಾಗೆ ಬಿಟ್ಟರೆ ಅದರ ಸಂಪರ್ಕಗಳು ಸುಡುತ್ತವೆ, ಫ್ರಿಜ್ಜಿನ ಸ್ಟೆಬಿಲೈಸರ್ ಒಂದನ್ನು ಮುಂದೆ ಇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಯಾವ ಉಪಕರಣವನ್ನೂ ನಂಬದೆ ಪ್ಲಗ್ ಕಿತ್ತಿಡಿ.

ತಮ್ಮ ಹೊರಡುವ ಹಿಂದಿನ ದಿನ ಅವನ ಇಂಕ್‌ಬರ್ಡ್ ಪೆಟ್ಟಿಗೆಯನ್ನು ಮರಳಿ ಚೀಲಕ್ಕೆ ಹಾಕಿಕೊಟ್ಟೆ. ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ ಅವನು, "ಅಕ್ಕಾ, ಇದರ ಚಿತ್ರ ಬರೆದು ಒಳಗೇ ಅಂಟಿಸಿಡು, ನೀನಿಲ್ಲದಾಗ ಭಾವ ಬಿಚ್ಚಿದರೆ ತಿಳಿಯಬೇಕಲ್ಲ" ಎಂದ. ನೀವೂ ಹಾಗೆ ಮಾಡಿ. ಬಿಳಿ ಹಾಳೆಯ ಮೇಲೆ ಎಂಟು ತಿರುಪುಗಳು, ಯಾವ ಬಣ್ಣದ ತಂತಿ ಎಲ್ಲಿಗೆ, ಎಫ್1ರಿಂದ ಎಫ್4ರ ಅಂಕಿಗಳು ಎಲ್ಲವನ್ನೂ ಬರೆದು, ಪ್ಲಾಸ್ಟಿಕ್ ಹೊದಿಸಿ ಮುಚ್ಚಳದ ಒಳಮೈಗೆ ಅಂಟಿಸಿ. ಕೆಳಗೆ ತಿರುಪು ಬಿಗಿದ ದಿನಾಂಕವನ್ನೂ ಬರೆಯಿರಿ. ಒಂದು ತಿಂಗಳಾದ ಮೇಲೆ ಪ್ಲಗ್ ಕಿತ್ತು ಇನ್ನೊಮ್ಮೆ ಎಲ್ಲ ತಿರುಪುಗಳನ್ನು ಬಿಗಿಯಬೇಕು, ತಾಮ್ರ ಬಿಸಿಯಾಗಿ ಆರುತ್ತ ಸಡಿಲವಾಗಿರುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಆರಿದ್ರಾ ಮಳೆ ಹಿಡಿಯುವ ಮುಂಚೆ.